ಏಳು ಹೆಬ್ಬೆಟ್ಟು ಬಿದ್ದ ಪೋಸ್ಟರಲ್ಲಿ ಲೋಗೋನೇ ಇರ್ಲಿಲ್ಲ: ಗ್ರೂಪ್ ಅಪ್ರೂವಲ್ ಸಿಸ್ಟಂ ಕಟ್ಟಿದ ಲಾಗ್

ಮೊದ್ಲು ಏನಾಯ್ತು ಅಂತ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಇಷ್ಟೆಲ್ಲ ಯಾಕೆ ಕಟ್ದೆ ಅಂತ ಅರ್ಥ ಆಗಲ್ಲ. ನಮ್ದು 11 ಜನರ ಟೀಂ. ಪೋಸ್ಟರ್, ಚಿಕ್ಕ ವಿಡಿಯೋ, ಪುಸ್ತಕದ ಕವರ್ ಇಂಥವು ಮಾಡ್ತೀವಿ. ರಿವ್ಯೂ ಎಲ್ಲ ಚಾಟ್ ಗ್ರೂಪಲ್ಲೇ ನಡೀತಿತ್ತು, ಡಿಸೈನರ್ ಪಿಡಿಎಫ್ ಹಾಕೋದು, ಜನ ಥಂಬ್ಸ್ ಅಪ್ ಒತ್ತೋದು, ಸಾಕಷ್ಟು ಬಿತ್ತು ಅಂತ ಯಾರಿಗೋ ಅನ್ಸಿದ್ರೆ ಪ್ರಿಂಟಿಗೆ ಕಳ್ಸೋದು. ಆ ಸಲ ಏಳು ಬಿದ್ದಿತ್ತು. ಪೋಸ್ಟರ್ ಪ್ರಿಂಟಾಗಿ ಬಂದ್ಮೇಲೆ ನೋಡಿದ್ರೆ ಕೆಳಗಿನ ಮೂಲೇಲಿ ಲೋಗೋ ಇಲ್ಲ! ವಾಪಸ್ ಹೋಗಿ ಚಾಟ್ ಕೆದಕಿದಾಗ ಗೊತ್ತಾಯ್ತು, ನಾಲ್ಕು ಥಂಬ್ಸ್ ಅಪ್ ವಿ2ಗೆ (ಅಂದ್ರೆ ಎರಡನೇ ವರ್ಷನ್‌ಗೆ) ಬಿದ್ದಿದ್ದು, ಮೂರು ವಿ3ಗೆ. ವಿ3ರಲ್ಲಿ ಒಂದು ಅಕ್ಷರ ತಿದ್ದೋಕೆ ಹೋಗಿ ಒಂದು ಲೇಯರ್ (ಡಿಸೈನಿನ ಒಂದು ಪದರ) ಆಫ್ ಆಗಿತ್ತು, ಲೋಗೋ ಇದ್ದಿದ್ದು ಅದ್ರಲ್ಲೇ. ವಿ3ಗೆ ಒತ್ತಿದ ಮೂರೂ ಜನಾನ ಕೇಳಿದ್ರೆ "ಅಕ್ಷರ ಸರಿಯಾಯ್ತಾ ಅಂತ ಅಷ್ಟೇ ನೋಡಿದ್ದು" ಅಂದ್ರು. ಒಬ್ರಂತೂ "ನಾನು ನೋಡ್ದೆ ಅನ್ನೋ ಅರ್ಥದಲ್ಲಿ ಒತ್ತಿದ್ದು, ಓಕೆ ಅಂತ ಅಲ್ಲ" ಅಂದ್ಬಿಟ್ರು. ಓದ್ದೇ ಹೆಬ್ಬೆಟ್ಟು ಒತ್ತೋದು ಅಂತ ಹಿಂದಿನವರು ಬೈತಿದ್ರಲ್ಲ, ಅದೇ ಇದು, ಈಗ ಹಳದಿ ಬಣ್ಣದಲ್ಲಿ ಬರುತ್ತೆ ಅಷ್ಟೇ.

ಹತ್ತು ಜನ ಇದ್ದಲ್ಲಿ ಹಾವು ಸಾಯಲ್ಲ ಅಂತಾರೆ. ಇದನ್ನ ಲ್ಯಾಬಲ್ಲಿ ಮಾಡಿ ನೋಡಿದೋರೂ ಇದಾರೆ, 1968ರಲ್ಲಿ ಡಾರ್ಲಿ ಮತ್ತೆ ಲಟಾನೆ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು. ಪಕ್ಕದ ರೂಮಲ್ಲಿ ಯಾರಿಗೋ ಫಿಟ್ಸ್ ಬಂದಂಗೆ ಇಂಟರ್‌ಕಾಮಲ್ಲಿ ಕೇಳ್ಸಿದ್ರು. ಕೇಳ್ತಿರೋನು ತಾನೊಬ್ಬನೇ ಅಂದ್ಕೊಂಡಿದ್ದಾಗ ನೂರಕ್ಕೆ 85 ಜನ ಎದ್ದು ಹೋಗಿ ಹೇಳಿದ್ರು, ಇನ್ನೂ ನಾಲ್ಕು ಜನ ಕೇಳಿಸ್ಕೊತಿದಾರೆ ಅಂದ್ಕೊಂಡಾಗ 31ಕ್ಕೆ ಇಳೀತು. ಪೋಸ್ಟರ್ ನೋಡೋ 11 ಜನಾನೂ ಇದೇ ಜಾತಿ, ಇನ್ನೊಬ್ರು ನೋಡಿರ್ತಾರೆ ಬಿಡು ಅಂತ.

ಕೋಡ್ ಬರೆಯೋಕೆ ಮುಂಚೆ ಪೇಪರ್ ಮೇಲೆ

ಇಲ್ಲೇ ಜಾಸ್ತಿ ಟೈಂ ಹೋಯ್ತು, ಹೋಗ್ಬೇಕಾಗಿದ್ದೂ ಇಲ್ಲೇ. ಪ್ರಶ್ನೆ ಒಂದೇ, "ಗ್ರೂಪ್ ಒಪ್ತು" ಅಂದ್ರೆ ಏನು? ಮೊದ್ಲು ಎಲ್ಲರೂ ಒಪ್ಪಬೇಕು ಅಂತ ಇಟ್ವಿ, ಒಬ್ರು ರಜೆ ಹಾಕಿದ್ರು, ಒಂದು ಕವರ್ ಆರು ದಿನ ಅಲ್ಲಾಡ್ಲಿಲ್ಲ. ಸರಿ, ಯಾರಾದ್ರೂ ಒಬ್ರು ಒಪ್ಪಿದ್ರೆ ಸಾಕು ಅಂತ ಮಾಡಿದ್ವಿ, ಲಿಂಕ್ ಹಾಕಿ ನಾಲ್ಕೇ ನಿಮಿಷಕ್ಕೆ ಡಿಸೈನರ್ ಫ್ರೆಂಡೇ ಅಪ್ರೂವ್ ಒತ್ತಿದ. ಮೆಜಾರಿಟಿ ಇಡೋಣ ಅಂದ್ರು. ಆಗ ನಮ್ಮ ಪ್ರೂಫ್ ನೋಡೋ ಅಕ್ಕ ಒಂದು ಮಾತು ಹೇಳಿದ್ರು, "ಕಾಗುಣಿತ ತಪ್ಪಿದೆಯಾ ಇಲ್ವಾ ಅನ್ನೋದನ್ನ ವೋಟ್ ಹಾಕಿ ತೀರ್ಮಾನ ಮಾಡ್ತೀರಾ?"

ಅದು ಕೇಳಿದ್ಮೇಲೆ ಇಡೀ ಪ್ಲಾನ್ ಬದ್ಲಾಯ್ತು. ಒಂದು ಕೆಲಸದ ಮೇಲೆ ಬರೋ ಅಭಿಪ್ರಾಯ ಎಲ್ಲ ಒಂದೇ ಥರದ್ದಲ್ಲ. ತಪ್ಪು ಒಪ್ಪು ಅನ್ನೋದು ಒಬ್ಬರು ಕಂಡುಹಿಡಿದ್ರೂ ಸಾಕು, ಉಳಿದ ಹತ್ತು ಜನ ಸರಿ ಇದೆ ಅಂದ್ರೂ ತಪ್ಪು ತಪ್ಪೇ. ಬಣ್ಣ ಚೆನ್ನಾಗಿದೆಯಾ ಅನ್ನೋದು ರುಚಿಯ ವಿಷ್ಯ, ಅಲ್ಲಿ ಒಬ್ಬರ ಮಾತಿಗೆ ಎಲ್ಲ ನಿಲ್ಲಿಸಿದ್ರೆ ಆ ಒಬ್ಬರೇ ಡಿಸೈನರ್ ಆದಂಗೆ. ಇನ್ನು ಫೋಟೋ ಲೈಸೆನ್ಸ್, ಫಾಂಟ್ ಲೈಸೆನ್ಸ್, ಹಾಡಿನ ಹಕ್ಕು, ಇದಕ್ಕೆ ಅಭಿಪ್ರಾಯಾನೇ ಬೇಡ, ಕಾಗದ ಇದೆಯಾ ಇಲ್ವಾ ಅಷ್ಟೇ. ಹಾಗಾಗಿ ಮೂರು ಗುಂಪು ಮಾಡಿದ್ವಿ. ಅಕ್ಷರದ ಗುಂಪಲ್ಲಿ ಇಬ್ರು, ಇಬ್ರಲ್ಲಿ ಯಾರೇ "ತಿದ್ದಿ" ಅಂದ್ರೂ ನಿಲ್ಲುತ್ತೆ. ನೋಟದ ಗುಂಪಲ್ಲಿ ಮೂರು ಜನ, ಇಬ್ರು ಒಪ್ಪಿದ್ರೆ ಮುಂದಕ್ಕೆ. ಹಕ್ಕಿನ ಗುಂಪಲ್ಲಿ ಒಬ್ರೇ, ಅವ್ರು ಇಲ್ದಿದ್ರೆ ಯಾರು ಅಂತ ಮೊದ್ಲೇ ಬರೆದಿಟ್ಟಿರೋ ಇನ್ನೊಬ್ರು. 11 ಜನದಲ್ಲಿ ಆರು ಜನ ಮಾತ್ರ ರಿವ್ಯೂಗೆ ಅಂದಾಗ ಉಳಿದೋರಿಗೆ ಸ್ವಲ್ಪ ಬೇಜಾರಾಯ್ತು, ಎರಡನೇ ವಾರಕ್ಕೆ ಅವರೇ ಖುಷಿಯಾಗಿದ್ರು.

ಕ್ರಮಾನೂ ಮುಖ್ಯ. ಅಕ್ಷರ ಮೊದ್ಲು ಮುಗೀಬೇಕು, ಆಮೇಲೆ ನೋಟ ಮತ್ತೆ ಹಕ್ಕು ಎರಡೂ ಒಟ್ಟೊಟ್ಟಿಗೆ. ಯಾಕಂದ್ರೆ ನೋಟದವರು ಒಪ್ಪಿದ್ಮೇಲೆ ಒಂದು ಸಾಲು ಉದ್ದ ಆದ್ರೆ ಲೇಔಟ್ ಜರುಗುತ್ತೆ, ಮತ್ತೆ ಅವರ ಹತ್ರ ಹೋಗ್ಬೇಕು.

ಬಟನ್ ಎಷ್ಟಿರ್ಬೇಕು ಅನ್ನೋದಕ್ಕೂ ಜಗಳ. "ಒಪ್ಪಿದೆ", "ತಿದ್ದಬೇಕು", ಮಧ್ಯದಲ್ಲಿ "ಸಣ್ಣ ತಿದ್ದುಪಡಿ ಮಾಡಿ, ಉಳಿದಂತೆ ಒಪ್ಪಿದೆ" ಅಂತ ಒಂದು. ರೆಡಿಮೇಡ್ ಪ್ರೂಫಿಂಗ್ ಟೂಲ್‌ಗಳಲ್ಲೂ ಇಂಥ ಮಧ್ಯದ ಬಟನ್ ಇರುತ್ತೆ. ಇಟ್ವಿ, ಎಲ್ಲರೂ ಅದನ್ನೇ ಒತ್ತೋಕೆ ಶುರು ಮಾಡಿದ್ರು, ಯಾಕಂದ್ರೆ ಬೈಸ್ಕೊಳೋದೂ ಇಲ್ಲ ಜವಾಬ್ದಾರಿನೂ ಇಲ್ಲ. ಆ ಸಣ್ಣ ತಿದ್ದುಪಡಿ ಆಯ್ತಾ ಅಂತ ನೋಡೋರು ಯಾರು? ಯಾರೂ ಇಲ್ಲ. ಮೂರು ವಾರಕ್ಕೆ ಆ ಬಟನ್ ಕಿತ್ತಾಕ್ದೆ. ಅದ್ರ ಬದ್ಲು "ಇದು ನಂಗೆ ಸಂಬಂಧಿಸಿಲ್ಲ" ಅಂತ ಒಂದು ಹಾಕ್ದೆ, ಅದ್ರಲ್ಲೂ ಒಂದು ಬಗ್ ಬಂತು, ಮುಂದೆ ಹೇಳ್ತೀನಿ.

ಶೀಟು, ಸ್ಕ್ರಿಪ್ಟು

ಟೂಲ್ ದೊಡ್ಡದೇನಲ್ಲ. ಗೂಗಲ್ ಶೀಟ್, ಅದ್ರ ಹಿಂದೆ ಆ್ಯಪ್ಸ್ ಸ್ಕ್ರಿಪ್ಟ್, ಅಂದ್ರೆ ಶೀಟಿಗೆ ಕೋಡ್ ಬರೆಯೋಕೆ ಗೂಗಲ್ಲೇ ಕೊಡೋ ಜಾಗ. ನಾಲ್ಕು ಟ್ಯಾಬ್: ಕೆಲಸಗಳು, ವರ್ಷನ್‌ಗಳು, ಜನ, ತೀರ್ಮಾನಗಳು. ಕೊನೇದು ಇದೆಯಲ್ಲ, ಅದ್ರಲ್ಲಿ ಯಾವ ರೋನೂ ಅಳಿಸಲ್ಲ, ತಿದ್ದಲ್ಲ, ಕೆಳಗೆ ಸೇರಿಸ್ತಾ ಹೋಗೋದು ಮಾತ್ರ. ಯಾರಾದ್ರೂ ಮನಸ್ಸು ಬದಲಾಯಿಸಿದ್ರೆ ಹೊಸ ರೋ, ಲೆಕ್ಕಕ್ಕೆ ತಗೊಳೋದು ಆ ವ್ಯಕ್ತಿ ಆ ವರ್ಷನ್‌ಗೆ ಕೊನೇಗೆ ಹೇಳಿದ್ದನ್ನ. ಮೊದ್ಲು ನಾನು ಜಾಣತನ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕಾಲಂ ಇಟ್ಟು ಅದ್ರಲ್ಲೇ ಬರೀತಿದ್ದೆ, ವಿ2 ಬಂದಾಗ ವಿ1ರ ಕಥೆ ಎಲ್ಲ ಅಳಿಸ್ಹೋಯ್ತು.

ಶೀಟಲ್ಲಿ ಎಡಿಟ್ ಆದಾಗ ಮೇಲ್ ಹೋಗ್ಲಿ ಅಂತ ಸಾದಾ ಆನ್‌ಎಡಿಟ್ ಫಂಕ್ಷನ್ ಬರೆದಿದ್ದೆ, ಮೇಲ್ ಹೋಗ್ಲೇ ಇಲ್ಲ. ಅರ್ಧ ದಿನ ಹೋಯ್ತು. ಇಂಥ ಸಾದಾ ಟ್ರಿಗರ್‌ಗೆ (ಏನಾದ್ರೂ ಆದಾಗ ತಾನಾಗೇ ಓಡೋ ಕೋಡಿಗೆ) ಪರ್ಮಿಷನ್ ಬೇಕಾಗೋ ಕೆಲಸ ಮಾಡೋ ಹಕ್ಕಿಲ್ಲ, ಮೇಲ್ ಕಳ್ಸೋದೂ ಅದ್ರಲ್ಲೇ ಬರುತ್ತೆ. ಟ್ರಿಗರ್ ಪೇಜಿಗೆ ಹೋಗಿ ಇನ್‌ಸ್ಟಾಲ್ ಮಾಡೋ ಥರದ್ದು ಹಾಕ್ಬೇಕು. ಡಾಕ್ಯುಮೆಂಟೇಷನ್ನಲ್ಲಿ ನೀಟಾಗಿ ಬರ್ದಿದಾರೆ, ಓದ್ದೇ ಇದ್ದಿದ್ದು ನನ್ನ ತಪ್ಪು.

ಯಾರು ಒತ್ತಿದ್ರು ಅಂತ ಗೊತ್ತಾಗೋದು ಹೇಗೆ? ಜನ ಲಿಂಕ್ ಒತ್ತಿದಾಗ ಓಡೋ ವೆಬ್ ಆ್ಯಪ್ ನನ್ನ ಹೆಸರಲ್ಲೇ ಓಡುತ್ತೆ, ಹೊರಗಿನ ಅಕೌಂಟಿಂದ ಬಂದೋರ ಇಮೇಲ್ ಕೇಳಿದ್ರೆ ಖಾಲಿ ಬರುತ್ತೆ. ಹಾಗಾಗಿ ಒಬ್ಬೊಬ್ಬರಿಗೆ, ಒಂದೊಂದು ವರ್ಷನ್‌ಗೆ ಬೇರೆ ಬೇರೆ ಟೋಕನ್ (ಗುರುತಿನ ಚೀಟಿ ಥರ), ಯುಯುಐಡಿ ಅನ್ನೋ, ಇನ್ನೊಂದಕ್ಕೆ ಹೋಲದ ಉದ್ದ ಕೋಡ್ ಒಂದನ್ನ ಲಿಂಕಿನ ಬಾಲಕ್ಕೆ ಕಟ್ಟಿ ಕಳ್ಸೋದು. ಇದು ಬಂದ್ಮೇಲೆ ಗ್ರೂಪ್ ಮೇಲ್ ಐಡಿಗೆ ಒಂದೇ ಲಿಂಕ್ ಕಳ್ಸೋದನ್ನ ಪೂರ್ತಿ ನಿಲ್ಲಿಸ್ದೆ, ಯಾಕಂದ್ರೆ ಒಂದೇ ಲಿಂಕ್ ಆರು ಜನಕ್ಕೆ ಹೋದ್ರೆ ಒತ್ತಿದ್ದು ಯಾರು ಅಂತ ಕೇಳಿದಾಗ ಮತ್ತೆ ಆರೂ ಜನ ಇನ್ನೊಬ್ಬರ ಮುಖ ನೋಡ್ತಾರೆ.

ದೆವ್ವದ ಅಪ್ರೂವಲ್

ಈಗ ಬಂತು ನೋಡಿ ಅಸಲಿ ತಮಾಷೆ. ಮೊದಲ ನಿಜವಾದ ಕೆಲಸ ಹಾಕಿದ್ವಿ, ಒಂದು ಕವರ್. ಇಮೇಲಲ್ಲೇ ಎರಡು ಲಿಂಕ್ ಇತ್ತು, "ಒಪ್ಪಿದೆ" ಒಂದು, "ತಿದ್ದಬೇಕು" ಒಂದು, ಒತ್ತಿದ್ರೆ ಮುಗೀತು, ಒಂದೇ ಕ್ಲಿಕ್. ನಂಗೆ ತುಂಬಾ ಹೆಮ್ಮೆ. ಮೇಲ್ ಹೋಗಿ ಒಂದು ನಿಮಿಷ ಆಗಿಲ್ಲ, ನೋಟದ ಗುಂಪಿನ ಇಬ್ರು ಅಪ್ರೂವ್ಡ್. ಅಬ್ಬಾ ಏನ್ ಸ್ಪೀಡು ಅಂತ ಫೋನ್ ಮಾಡಿದ್ರೆ ಒಬ್ರು ಬಸ್ಸಲ್ಲಿದ್ರು, ಇಮೇಲೇ ನೋಡಿಲ್ಲ ಅಂತಾರೆ. ಇನ್ನೊಬ್ರು ಮಲಗಿದ್ರು.

ತೀರ್ಮಾನಗಳ ಟ್ಯಾಬ್ ತೆಗೆದು ನೋಡ್ದೆ. ಅಳಿಸದೇ ಸೇರಿಸ್ತಾ ಹೋಗೋ ರೂಲ್ ಇಲ್ಲಿ ಕೈ ಹಿಡೀತು. ಒಬ್ಬೊಬ್ಬರ ಹೆಸರಲ್ಲೂ ಎರಡೆರಡು ರೋ: "ತಿದ್ದಬೇಕು", ಅದಾಗಿ ಒಂದು ಸೆಕೆಂಡಿಗೆ "ಒಪ್ಪಿದೆ". ಮನುಷ್ಯರು ಎರಡೂ ಒತ್ತಲ್ಲ. ವಿಷ್ಯ ಏನಂದ್ರೆ ಅವರಿಬ್ಬರ ಮೇಲ್ ಬಾಕ್ಸಿನ ಮುಂದೆ ಸೆಕ್ಯುರಿಟಿ ಸ್ಕ್ಯಾನರ್ ಇದೆ, ಮೇಲ್ ಒಳಗೆ ಬಿಡೋಕೆ ಮುಂಚೆ ಅದ್ರಲ್ಲಿರೋ ಲಿಂಕ್ ಎಲ್ಲ ತಾನೇ ತೆಗೆದು ನೋಡುತ್ತೆ, ವೈರಸ್ ಗಿರಸ್ ಇದೆಯಾ ಅಂತ. ಅದು ಅದ್ರ ಕೆಲಸ ಮಾಡ್ತು. ತಪ್ಪು ಮಾಡಿದ್ದು ನಾನು, ಗೆಟ್ ರಿಕ್ವೆಸ್ಟಿಗೇ (ಲಿಂಕ್ ತೆಗೆದಾಗ ಸರ್ವರಿಗೆ ಹೋಗೋ ಕೋರಿಕೆಗೇ) ಶೀಟಲ್ಲಿ ಬರೆಯೋ ಹಾಗೆ ಮಾಡಿದ್ದು. ವೆಬ್ ನಡೆಯೋ ಎಚ್‌ಟಿಟಿಪಿ ನಿಯಮದಲ್ಲೇ ಇದೆ, ಗೆಟ್ ಅನ್ನೋದು ಸೇಫ್ ಮೆಥಡ್, ಅಂದ್ರೆ ಓದೋಕೆ ಮಾತ್ರ, ಅದ್ರಿಂದ ಸರ್ವರಲ್ಲಿ ಏನೂ ಬದಲಾಗ್ಬೇಕು ಅಂತ ಕೇಳೋನು ಅಪೇಕ್ಷೆ ಪಟ್ಟಿರಲ್ಲ. ಲಿಂಕ್ ತೆಗೆದು ನೋಡೋನನ್ನ ಸಹಿ ಹಾಕ್ದ ಅಂತ ಲೆಕ್ಕ ಹಿಡಿದ್ರೆ ಹಿಂಗೇ ಆಗೋದು.

ರಿಪೇರಿ ಸುಲಭ. ಮೇಲಲ್ಲಿ ಒಂದೇ ಲಿಂಕ್, ಒತ್ತಿದ್ರೆ ಪೇಜ್ ತೆಗೆಯುತ್ತೆ, ಪೇಜಲ್ಲಿ ಕೆಲಸ ಕಾಣುತ್ತೆ, ಕೆಳಗೆ ಬಟನ್. ಬಟನ್ ಒತ್ತಿದಾಗ ಮಾತ್ರ ಪೇಜಿನೊಳಗಿಂದ ಸ್ಕ್ರಿಪ್ಟಿನ ಫಂಕ್ಷನ್ ಕರೆದು ರೋ ಬರೆಯೋದು. ಒಂದು ಕ್ಲಿಕ್ ಜಾಸ್ತಿ ಆಯ್ತು ಅಂತ ಗೊಣಗಿದ್ರು, ಗೊಣಗಲಿ, ಬಟನ್ ಒತ್ತೋಕೆ ಪೇಜ್ ತೆಗೀಲೇಬೇಕು ಅಂದ್ಮೇಲೆ ಒಂದು ಸಲ ಆದ್ರೂ ಕಣ್ಣು ಹಾಯಿಸ್ತಾರೆ. ಬಟನ್ ಇರೋದು ಚಿತ್ರದ ಕೆಳಗೆ, ಸ್ಕ್ರಾಲ್ ಮಾಡ್ದೇ ಸಿಗಲ್ಲ. ಇದು ಬೇಕಂತಲೇ ಮಾಡಿದ್ದು.

ಇದನ್ನ ಸರಿ ಮಾಡಿ ಪಬ್ಲಿಷ್ ಮಾಡುವಾಗ ಇನ್ನೊಂದು ಎಡವಟ್ಟು, ಹೊಸ ಡಿಪ್ಲಾಯ್‌ಮೆಂಟ್ (ಕೋಡನ್ನ ಹೊಸದಾಗಿ ಹೊರಗೆ ಬಿಡೋದು) ಅಂತ ಒತ್ತಿದೆ, ಹೊಸ ಯುಆರ್‌ಎಲ್ ಬಂತು, ಜನರ ಮೇಲಲ್ಲಿರೋ ಲಿಂಕ್ ಎಲ್ಲ ಹಳೇ ಕೋಡಿಗೇ ಹೋಗ್ತಿತ್ತು. ಇರೋ ಡಿಪ್ಲಾಯ್‌ಮೆಂಟನ್ನೇ ಎಡಿಟ್ ಮಾಡಿ ಹೊಸ ವರ್ಷನ್ ಆರಿಸ್ಬೇಕು, ಆಗ ಯುಆರ್‌ಎಲ್ ಅದೇ ಉಳಿಯುತ್ತೆ.

ಒಪ್ಪಿದ್ದು ಯಾವ ಫೈಲನ್ನ?

ಲೋಗೋ ಹೋಗಿದ್ದ ಮೂಲ ರೋಗ ಇದೇ ಅಲ್ವಾ. ಗೂಗಲ್ ಡ್ರೈವಲ್ಲಿ ಫೈಲ್ ಬದ್ಲು ಹೊಸ ವರ್ಷನ್ ಅಪ್‌ಲೋಡ್ ಮಾಡಿದ್ರೆ ಲಿಂಕ್ ಅದೇ ಇರುತ್ತೆ, ಒಳಗಿನ ಸರಕು ಮಾತ್ರ ಬೇರೆ. ಹೆಸರಲ್ಲಿ ಫೈನಲ್, ಫೈನಲ್ ಹೊಸದು, ಈ ಸಲ ನಿಜವಾಗ್ಲೂ ಫೈನಲ್ ಅಂತ ಹಾಕೋದ್ರಿಂದ ಏನೂ ಆಗಲ್ಲ. ಹಾಗಾಗಿ ರಿವ್ಯೂ ಶುರುವಾದಾಗಲೇ ಫೈಲಿನ ಹ್ಯಾಶ್ (ಫೈಲಿನ ಒಳಗಿನಿಂದ ಲೆಕ್ಕ ಹಾಕಿ ತೆಗೆಯೋ ಬೆರಳಚ್ಚು, ಒಳಗೆ ಚೂರು ಬದಲಾದ್ರೂ ಇದು ಬದಲಾಗುತ್ತೆ) ತೆಗೆದು ವರ್ಷನ್ ಟ್ಯಾಬಲ್ಲಿ ಬರ್ಕೊಳೋದು, ತೀರ್ಮಾನದ ರೋನಲ್ಲೂ ಅದೇ ಹ್ಯಾಶ್, ಪ್ರಿಂಟಿಗೆ ಕಳ್ಸೋ ಮುಂಚೆ ಮತ್ತೆ ಹ್ಯಾಶ್ ತೆಗೆದು ಹೋಲಿಸೋದು.

ಮೊದ್ಲು ಎಸ್‌ಎಚ್‌ಎ-256 ಅನ್ನೋ ಥರದ ಹ್ಯಾಶ್ ಮಾಡೋಣ ಅಂತ ಹೊರಟೆ. ಆ್ಯಪ್ಸ್ ಸ್ಕ್ರಿಪ್ಟ್ ಕೊಡೋ ಬೈಟ್‌ಗಳು ಮೈನಸ್ 128ರಿಂದ 127ರವರೆಗೆ ಬರ್ತವೆ, ಮೈನಸ್ ಇದ್ರೆ 256 ಕೂಡಿಸಿ ಆಮೇಲೆ ಹೆಕ್ಸ್ (0ಯಿಂದ 9, a ಯಿಂದ f ಬಳಸೋ ಬರಹ) ಮಾಡ್ಬೇಕು, ಅದು ಗೊತ್ತಿಲ್ದೆ ನನ್ನ ಹ್ಯಾಶ್ ತುಂಬಾ ಮೈನಸ್ ಗೀಟು. ಅದು ಸರಿ ಆಯ್ತು, ವಿಡಿಯೋ ಹಾಕಿದ್ರೆ ಮತ್ತೆ ಎರರ್, ಯಾಕಂದ್ರೆ ಸ್ಕ್ರಿಪ್ಟೊಳಗೆ 50 ಎಂಬಿಗಿಂತ ದೊಡ್ಡ ಫೈಲನ್ನ ಎತ್ಕೊಳೋಕಾಗಲ್ಲ. ಕೊನೇಗೆ ತಿಳಿದಿದ್ದು, ಡ್ರೈವ್ ಎಪಿಐ (ಕೋಡಿಂದ ಡ್ರೈವನ್ನ ಕೇಳೋ ದಾರಿ) ತಾನೇ ಪ್ರತಿ ಫೈಲಿಗೂ ಎಂಡಿ5 ಚೆಕ್‌ಸಮ್, ಅಂದ್ರೆ ಇನ್ನೊಂದು ಥರದ ಹ್ಯಾಶ್, ಲೆಕ್ಕ ಹಾಕಿ ಇಟ್ಟಿರುತ್ತೆ, ಫೈಲ್ ಇಳಿಸೋದೇ ಬೇಡ, ಕೇಳಿದ್ರೆ ಕೊಡುತ್ತೆ. ಎಂಡಿ5 ಅಂದ ತಕ್ಷಣ ಮೂಗು ಮುರಿಯೋರು ಇದಾರೆ, ಬೇಕಂತಲೇ ಎರಡು ಫೈಲಿಗೆ ಒಂದೇ ಎಂಡಿ5 ಬರೋ ಹಾಗೆ ಮಾಡ್ಬಹುದು ನಿಜ, ಆದ್ರೆ ನಾನು ಹಿಡೀಬೇಕಾಗಿರೋದು ಕಳ್ಳನ್ನ ಅಲ್ಲ, ನಿದ್ದೆಗಣ್ಣಲ್ಲಿ ಲೇಯರ್ ಆಫ್ ಮಾಡಿದ ಡಿಸೈನರನ್ನ. ಒಂದು ಗಮನಿಸ್ಬೇಕು, ಗೂಗಲ್ ಡಾಕ್ ಥರದ ಫೈಲಿಗೆ ಈ ಚೆಕ್‌ಸಮ್ ಇರಲ್ಲ, ಅದಕ್ಕೇ ಬರಹದ ಕೆಲಸಾನೂ ಪಿಡಿಎಫ್ ಮಾಡೇ ಹಾಕ್ಬೇಕು ಅಂತ ರೂಲ್.

ಹೊಸ ವರ್ಷನ್ ಬಂದ್ರೆ ಹಳೇ ಒಪ್ಪಿಗೆ ಏನಾಗ್ಬೇಕು? ಇದಕ್ಕೆ ಎರಡು ದಿನ ವಾದ ಆಯ್ತು. ಪ್ರೋಗ್ರಾಮರ್‌ಗಳು ಇದನ್ನ ಯಾವಾಗ್ಲೋ ಎದುರಿಸಿದಾರೆ, ಅವರು ಕೋಡ್ ಇಡೋ ಗಿಟ್‌ಹಬ್ಬಲ್ಲಿ ಹೊಸ ಕಮಿಟ್ (ಕೋಡಿನ ತಿದ್ದುಪಡಿ) ಬಿದ್ರೆ ಹಳೇ ಅಪ್ರೂವಲ್ ತಾನಾಗೇ ಬಿದ್ದುಹೋಗೋ ಸೆಟ್ಟಿಂಗ್ ಇದೆ. ನಮ್ಮಲ್ಲಿ ಡಿಸೈನರ್ ಕೇಳಿದ್ಲು, "ಒಂದು ಕಾಮಾ ತೆಗೆದಿದ್ದಕ್ಕೆ ಆರು ಜನಾನ ಮತ್ತೆ ಕಾಯ್ಬೇಕಾ? ಬದಲಾಗಿದ್ದು ಅಕ್ಷರ ಮಾತ್ರ ಅಂತ ನಾನು ಟಿಕ್ ಹಾಕಿದ್ರೆ ನೋಟದವರ ಒಪ್ಪಿಗೆ ಹಾಗೇ ಉಳೀಲಿ." ಕೇಳೋಕೆ ನ್ಯಾಯವಾಗೇ ಇತ್ತು. ಆದ್ರೆ ವಿ3 ಪೋಸ್ಟರಲ್ಲೂ ಬದಲಾಗಿದ್ದು ಅಕ್ಷರ ಮಾತ್ರಾನೇ ತಾನೇ? ತನ್ನ ಫೈಲಲ್ಲಿ ಏನು ಬದಲಾಗಿದೆ ಅಂತ ತಿದ್ದಿದೋರಿಗೇ ಗೊತ್ತಿರಲ್ಲ, ಅದೇ ಸಮಸ್ಯೆ. ಹಾಗಾಗಿ ರಿಯಾಯ್ತಿ ಇಲ್ಲ, ಹ್ಯಾಶ್ ಬದಲಾದ್ರೆ ಎಲ್ಲ ಒಪ್ಪಿಗೆ ಸೊನ್ನೆ. ಅದ್ರ ಬದ್ಲು ನೋಡೋದನ್ನ ಸುಲಭ ಮಾಡ್ದೆ: ಎರಡನೇ ಸುತ್ತಿನ ಪೇಜಲ್ಲಿ ಹಳೇದು ಹೊಸದು ಅಕ್ಕಪಕ್ಕ ಬರುತ್ತೆ, ತಿದ್ದಿದೋರು ಬರೆದ ಒಂದು ಸಾಲು ಮೇಲಿರುತ್ತೆ, ಪೋಸ್ಟರಾದ್ರೆ ಅರ್ಧ ನಿಮಿಷದ ಕೆಲಸ. ಇದಾದ್ಮೇಲೆ ಆರು ವಾರದಲ್ಲಿ ಹೀಗೆ ಎರಡು ಸಲ ಹಿಡಿದಿದೀವಿ. ಒಂದ್ಸಲ ಪುಟದ ಸಂಖ್ಯೆ ಮಾಯ, ಇನ್ನೊಂದ್ಸಲ ಫಾಂಟ್ ಬದಲಾಗಿ ಒತ್ತಕ್ಷರ ಎಲ್ಲ ಮೇಲಿನ ಅಕ್ಷರಕ್ಕೆ ಮುತ್ತಿಕೊಂಡಿತ್ತು.

ಚಿಲ್ಲರೆ ರಿಪೇರಿಗಳು

"ಸಂಬಂಧಿಸಿಲ್ಲ" ಬಟನ್ ಬಗ್: ನೋಟದ ಗುಂಪಲ್ಲಿ ಮೂರು ಜನ, ಇಬ್ರು ಒಪ್ಪಬೇಕು. ಒಂದು ಕೆಲಸಕ್ಕೆ ಇಬ್ರು ಸಂಬಂಧಿಸಿಲ್ಲ ಅಂದ್ರು, ಒಬ್ರು ಒಪ್ಪಿದ್ರು. ಇನ್ನು ಇಬ್ರು ಆಗೋ ಚಾನ್ಸೇ ಇಲ್ಲ, ಸ್ಕ್ರಿಪ್ಟ್ ಸುಮ್ನೆ ಕಾಯ್ತಾ ಕೂತ್ತು. ಈಗ ಪ್ರತಿ ರೋ ಬಂದಾಗಲೂ ಇನ್ನು ಗುರಿ ಮುಟ್ಟೋಕೆ ಸಾಧ್ಯ ಇದೆಯಾ ಅಂತಾನೂ ಲೆಕ್ಕ ಹಾಕುತ್ತೆ, ಇಲ್ಲಾಂದ್ರೆ ಆ ಕೆಲಸದ ಹೊಣೆ ಹೊತ್ತವರಿಗೆ ಮೇಲ್.

ಇಬ್ರು ಒಂದೇ ಹೊತ್ತಿಗೆ ಒತ್ತಿದಾಗ "ಎಲ್ಲ ಆಯ್ತು" ಅನ್ನೋ ಮೇಲ್ ಎರಡು ಸಲ ಹೋಯ್ತು, ಎರಡು ಓಟ ಪಕ್ಕಪಕ್ಕದಲ್ಲಿ ಓಡಿ ಇಬ್ಬರಿಗೂ ತಾವೇ ಕೊನೆಯವರು ಅನ್ಸಿತ್ತು. ಲಾಕ್ ಸರ್ವಿಸ್ (ಒಂದು ಸಲಕ್ಕೆ ಒಂದೇ ಓಟ ಒಳಗೆ ಬಿಡೋ ಬೀಗ) ಹಾಕಿ, ಲಾಕ್ ಬಿಡೋಕೆ ಮುಂಚೆ ಶೀಟ್ ಫ್ಲಶ್ ಮಾಡ್ದೆ, ಅಂದ್ರೆ ಬರೆದಿದ್ದೆಲ್ಲ ಆಗಲೇ ಶೀಟಿಗೆ ಇಳಿಯೋ ಹಾಗೆ. ಫ್ಲಶ್ ಮರೆತ್ರೆ ಬರೆದಿದ್ದು ಶೀಟಿಗೆ ಇಳಿಯೋಕೆ ಮುಂಚೆನೇ ಮುಂದಿನೋನು ಒಳಗೆ ಬರ್ತಾನೆ, ಲಾಕ್ ಹಾಕಿದ್ದೂ ದಂಡ.

ನೆನಪಿಸೋ ಮೇಲ್‌ಗಳು ಮೊದಲ ವಾರ ಅರ್ಧರಾತ್ರಿ ಹೋಗ್ತಿದ್ವು, ಸ್ಕ್ರಿಪ್ಟಿನ ಟೈಂ ಜೋನ್ ಬೇರೆ, ಶೀಟಿಂದು ಬೇರೆ. ಆಮೇಲೆ ಸಾದಾ ಅಕೌಂಟಿಗೆ ದಿನಕ್ಕೆ 100 ಜನಕ್ಕೆ ಮಾತ್ರ ಮೇಲ್ ಕಳ್ಸೋ ಮಿತಿ, ಕೆಲಸಕ್ಕೊಂದು ಮೇಲ್ ಅಂತ ಕಳಿಸ್ತಿದ್ದಾಗ ಒಂದು ಬಿಸಿ ದಿನ ಅದೂ ಮುಗೀತು. ಈಗ ಬೆಳಗ್ಗೆ ಒಬ್ಬರಿಗೆ ಒಂದೇ ಮೇಲ್, ಬಾಕಿ ಇರೋದೆಲ್ಲ ಅದ್ರಲ್ಲೇ.

48 ಗಂಟೆ ಮಾತಾಡ್ದೇ ಇದ್ರೆ ಒಪ್ಪಿದಂಗೆ ಅಂತ ಇಡೋಣ ಅಂದ್ರು ಒಬ್ರು. ಮೌನಂ ಸಮ್ಮತಿ ಲಕ್ಷಣಂ ಅಂತ ಬೇರೆ ಹೇಳಿದ್ರು. ಆಗಲ್ಲ ಅಂದೆ, ಅದು ಮತ್ತೆ ಚಾಟ್ ಗ್ರೂಪಿಗೇ ವಾಪಸ್ ಹೋದಂಗೆ. 48 ಗಂಟೆ ಆದ್ರೆ ಬದಲಿ ಇರೋರಿಗೆ ಲಿಂಕ್ ಹೋಗುತ್ತೆ, ಮೊದಲಿನವರ ಟೋಕನ್ ಸತ್ತುಹೋಗುತ್ತೆ. ಜನರ ಪಟ್ಟೀನ ರಿವ್ಯೂ ಶುರುವಾದಾಗಲೇ ಕಾಪಿ ಮಾಡಿ ಇಟ್ಕೊಳುತ್ತೆ, ಮಧ್ಯದಲ್ಲಿ ಯಾರೋ ಗುಂಪಿಗೆ ಸೇರಿದ್ರೆ ಓಡ್ತಿರೋ ಕೆಲಸಕ್ಕೆ ಅದು ತಟ್ಟಲ್ಲ.

ಕಾಮೆಂಟ್‌ಗಳ ಕಥೆ

ಇದು ಕೋಡಿನ ಸಮಸ್ಯೆ ಅಲ್ಲ. ಮೊದ್ಲು ಪೇಜಲ್ಲಿ ಬೇರೆಯವರ ಕಾಮೆಂಟ್ ಕಾಣ್ತಿತ್ತು, ಮೊದಲು ಬರೆದೋರು "ಸೂಪರ್" ಅಂದ್ರೆ ಉಳಿದೋರೆಲ್ಲ ಸೂಪರ್, ಮೊದಲು ಬರೆದೋರು ನೀಲಿ ಜಾಸ್ತಿ ಆಯ್ತು ಅಂದ್ರೆ ಎಲ್ಲರ ಕಣ್ಣಿಗೂ ನೀಲಿ. 1950ರ ದಶಕದಲ್ಲಿ ಸಾಲೊಮನ್ ಆಶ್ ಅನ್ನೋರು ಗೆರೆ ಉದ್ದ ಹೋಲಿಸೋ ಪರೀಕ್ಷೆ ಮಾಡಿದ್ರು, ಮುಂಚೆ ಹೇಳಿದೋರೆಲ್ಲ ಬೇಕಂತಲೇ ತಪ್ಪು ಹೇಳಿದಾಗ ಸುಮಾರು ಮೂರನೇ ಒಂದು ಭಾಗ ಉತ್ತರಗಳು ಆ ತಪ್ಪಿನ ಕಡೆಗೇ ವಾಲಿದ್ವು. ಗೆರೆ ಉದ್ದಕ್ಕೇ ಹೀಗಾದ್ರೆ ಕವರಿನ ಬಣ್ಣದ ಗತಿ ಏನು. ಈಗ ನಿಮ್ಮದು ಬರೆದು ಬಟನ್ ಒತ್ತೋವರೆಗೂ ಬೇರೆಯವರದ್ದು ಕಾಣಲ್ಲ.

ಅದಾದ ತಕ್ಷಣ ಇನ್ನೊಂದು ತಲೆನೋವು, ಒಬ್ರು ಟೈಟಲ್ ದೊಡ್ಡದು ಮಾಡಿ, ಇನ್ನೊಬ್ರು ಚಿಕ್ಕದು ಮಾಡಿ. ಡಿಸೈನರ್ ಅಳೋದೊಂದು ಬಾಕಿ. ಮೊದ್ಲು ಇಂಥವು ಚಾಟಲ್ಲಿ ತಾವೇ ಕರಗಿಹೋಗ್ತಿದ್ವು, ಈಗ ಎದುರೆದುರು ಬಂದು ನಿಂತ್ವು. ಹಾಗಾಗಿ ಪ್ರತಿ ಕೆಲಸಕ್ಕೂ ಹೊಣೆಗಾರರು ಒಬ್ರು, ಕಾಮೆಂಟ್ ಎಲ್ಲ ಮೊದ್ಲು ಅವ್ರಿಗೆ, ಅವ್ರು ಹೊಂದಿಸಿ ಒಂದೇ ಪಟ್ಟಿ ಮಾಡಿ ಡಿಸೈನರಿಗೆ. ಫಾರ್ಮಲ್ಲೂ "ಏನು ಮಾಡ್ಬೇಕು" ಅನ್ನೋ ಬಾಕ್ಸ್ ತೆಗೆದು "ಎಲ್ಲಿ" ಮತ್ತೆ "ಏನು ಕಾಣ್ತಿದೆ" ಅಂತ ಎರಡು ಬಾಕ್ಸ್ ಹಾಕ್ದೆ, ವಿಡಿಯೋ ಆದ್ರೆ ನಿಮಿಷ ಸೆಕೆಂಡ್ ಕಡ್ಡಾಯ. ದೊಡ್ಡದು ಮಾಡಿ, ಚಿಕ್ಕದು ಮಾಡಿ ಅಂದ ಇಬ್ಬರೂ ಎರಡನೇ ಸಲ ಬರೆದಿದ್ದು ಒಂದೇ, "ಟೈಟಲ್ಲೂ ಹೆಸರೂ ಎರಡೂ ಕಣ್ಣಿಗೆ ಒಟ್ಟಿಗೇ ಬೀಳ್ತಿವೆ." ಡಿಸೈನರ್ ಟೈಟಲ್ ಮುಟ್ಲೇ ಇಲ್ಲ, ಹೆಸರನ್ನ ಕೆಳಗೆ ತಗೊಂಡು ಹೋದ್ಲು, ಇಬ್ರೂ ಒಪ್ಪಿದ್ರು.

ಬಾಕಿ ಕೆಲಸ ಇದೆ. ಪ್ರಿಂಟಿಗೆ ಹೋಗೋ ಫೈಲ್ ಸಿಎಂವೈಕೆ (ಶಾಯಿಯ ಬಣ್ಣದ ಲೆಕ್ಕ), ಜನ ಅಪ್ರೂವ್ ಮಾಡೋದು ಫೋನ್ ಸ್ಕ್ರೀನಲ್ಲಿ ಆರ್‌ಜಿಬಿಲಿ (ಬೆಳಕಿನ ಬಣ್ಣದ ಲೆಕ್ಕ), ಬಣ್ಣದ ಬಗ್ಗೆ ಅವರ ಒಪ್ಪಿಗೆಗೆ ಎಷ್ಟು ಬೆಲೆ ಅಂತ ನಂಗೇ ಅನುಮಾನ, ಸದ್ಯಕ್ಕೆ ಪ್ರಿಂಟ್ ಕೆಲಸಕ್ಕೆ ಮಾತ್ರ ಕಾಗದದ ಪ್ರೂಫ್ ಮೇಲೆ ಒಬ್ಬರ ಸಹಿ ತಗೊಂಡು ಅದ್ರ ಫೋಟೋನ ಶೀಟಿಗೆ ಅಂಟಿಸ್ತಿದೀವಿ. ಚಾಟ್ ಗ್ರೂಪ್ ಇನ್ನೂ ಇದೆ, ನಿನ್ನೆ ಡಿಸೈನರ್ ಅಲ್ಲೊಂದು ಹೊಸ ಕವರ್ ಸುಮ್ನೆ ತೋರ್ಸೋಕೆ ಅಂತ ಹಾಕಿದ್ಲು, ಐದು ಥಂಬ್ಸ್ ಅಪ್ ಬಿತ್ತು. ಶೀಟಲ್ಲಿ ಅದು ಇನ್ನೂ ಅಕ್ಷರದ ಗುಂಪಲ್ಲೇ ನಿಂತಿದೆ, ಬೆನ್ನುಪುಟದಲ್ಲಿ ಅಲ್ಪಪ್ರಾಣ ಇರ್ಬೇಕಾದ ಕಡೆ ಮಹಾಪ್ರಾಣ ಇದೆಯಂತೆ, ಅಕ್ಕ "ತಿದ್ದಬೇಕು" ಒತ್ತಿದಾರೆ.